ಹೂಮಳೆಯ ಫೈಲು

ಕಾಫಿ ಒಣಗಿಸುವ ಕಣದ ಆಚೆ ಮೂಲೆಯಲ್ಲಿ ನಮ್ಮ ಮಳೆ ಡಬ್ಬ ಇದೆ. ಮೇಲೊಂದು ಆಲಿಕೆ, ಕೆಳಗೆ ನೀರು ನಿಲ್ಲುವ ಡಬ್ಬ, ಅದನ್ನು ಸುರಿದು ಅಳೆಯುವುದಕ್ಕೆ ಗೆರೆ ಹಾಕಿದ ಉದ್ದನೆಯ ಗಾಜಿನ ಲೋಟ. ನಾನು ಮದುವೆಯಾಗಿ ಬಂದ ವರ್ಷವೇ ಮಾವ ಆ ಲೋಟವನ್ನು ನನ್ನ ಕೈಗೆ ಕೊಟ್ಟು, ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಬರೆದಿಡಬೇಕು ಎಂದರು. ನಾನು ಕುಶಾಲನಗರದ ಕಡೆಯವಳು. ನಮ್ಮ ತವರಲ್ಲಿ ಮಳೆ ಬಂತು ಅಥವಾ ಬರಲಿಲ್ಲ, ಅಷ್ಟೇ. ಇಲ್ಲಿ ಹಾಗಲ್ಲ. ಮಳೆಗೆ ಇಂಚು, ಇಂಚಿಗೆ ನೂರು ಸೆಂಟ್. ಗೋಣಿಕೊಪ್ಪಲಿನ ಬಸ್ಸಿನಲ್ಲಿ ಸಿಕ್ಕವರು ಮಂಡಿನೋವು ವಿಚಾರಿಸುವ ಮೊದಲು ನಿಮಗೆಷ್ಟು ಸೆಂಟ್ ಬಿತ್ತು ಎಂದು ಕೇಳುತ್ತಾರೆ.

ಕೇಳಿದವರಿಗೆ ನಿಜ ಹೇಳುವವರು ಕಡಿಮೆ. ತೋಟಕ್ಕೆ ಬಿದ್ದ ಮಳೆಯನ್ನು ತಾವೇ ಹೋಗಿ ತಂದವರಂತೆ ಐದೋ ಹತ್ತೋ ಸೆಂಟ್ ಸೇರಿಸಿಯೇ ಹೇಳುತ್ತಾರೆ. ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ನನ್ನ ವಯಸ್ಸಿನ ಬಗ್ಗೆ ಹೇಳಿದ್ದೇನೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದೆನೆಂದು ಹೇಳಿದ್ದೇನೆ, ಡಬ್ಬದಲ್ಲಿದ್ದ ಬೆಲ್ಲವನ್ನು ಇರುವೆ ತಿಂದಿತೆಂದು ಕೂಡ ಹೇಳಿದ್ದೇನೆ. ಮಳೆಯ ಬಗ್ಗೆ ಮಾತ್ರ ಇವತ್ತಿನವರೆಗೆ ಒಂದು ಸೆಂಟ್ ಹೆಚ್ಚು ಕಡಿಮೆ ಹೇಳಿದವಳಲ್ಲ. ಸುತ್ತಮುತ್ತಲಿನವರಿಗೂ ಅದು ಗೊತ್ತು.

ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಕೆಳಗಿನ ಮನೆಯವಳಿಗೆ. ನನಗಿಂತ ಆರು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಗಂಡ ಹೋದ ಮೇಲೆ ಎರಡೂವರೆ ಎಕರೆ ತೋಟವನ್ನು ಒಬ್ಬಳೇ ನೋಡಿಕೊಳ್ಳುವವಳು. ಅವಳ ಮನೆಯಲ್ಲಿ ಮಳೆ ಡಬ್ಬ ಇಲ್ಲ. ಎರಡು ಸಲ ಇಟ್ಟಳು, ಎರಡೂ ಸಲ ಹಸು ಕೊಂಬಿನಲ್ಲಿ ಎತ್ತಿ ಹಾಕಿತು. ನಮ್ಮ ಅಂಗಳದಿಂದ ಅವಳ ಅಂಗಳಕ್ಕೆ ಒಂದು ಇಳಿಜಾರು ಅಷ್ಟೇ ದೂರ, ಅದಕ್ಕೆ ನನ್ನ ಮಳೆಯೇ ಅವಳ ಮಳೆ. ಮೂವತ್ತು ವರ್ಷ ನಾನು ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ಬೆರಳೆತ್ತಿ ತೋರಿಸುತ್ತಿದ್ದೆ. ಎರಡೂ ಕೈ ಒಂದು ಸಲ ಎತ್ತಿದರೆ ಹತ್ತು ಸೆಂಟ್. ಜುಲೈ ತಿಂಗಳಲ್ಲಿ ನೋಡಿದವರಿಗೆ ಈ ಮುದುಕಿ ಯಾರಿಗೋ ಹೆದರಿ ಕೈ ಮೇಲೆತ್ತಿ ನಿಂತಿದ್ದಾಳೆ ಅನ್ನಿಸಬೇಕು.

ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿತದ್ದು ಇದಕ್ಕೇ. ಮಂಡಿ ಬೇಲಿಯವರೆಗೆ ಹೋಗಲು ಒಪ್ಪದ ಕಾಲ ಬಂತು. ನನ್ನ ಸೊಸೆ ಗೋಣಿಕೊಪ್ಪಲಿನ ಒಂದು ಕಾಲೇಜಿನ ಆಫೀಸಿನಲ್ಲಿ ಕ್ಲರ್ಕು. ಅವಳು ಕಲಿಸಿದಳು. ಬಲಗೈ ಹೆಬ್ಬೆರಳಲ್ಲಿ ಒಂದೊಂದೇ ಅಕ್ಷರ. ಒತ್ತಕ್ಷರಕ್ಕೆ ಎಲ್ಲಿ ಒತ್ತಬೇಕು ಎನ್ನುವುದು ತಿಳಿಯಲು ಒಂದು ತಿಂಗಳು ಹಿಡಿಯಿತು. ತಿಳಿದ ಮೇಲೆ ಅವಳಿಗೆ ನೆಮ್ಮದಿ ಇಲ್ಲದಂತೆ ಮಾಡಿದೆ. ಆಫೀಸಿನಲ್ಲಿ ಮೀಟಿಂಗ್ ಇದೆ ಎಂದು ಹೇಳಿ ಹೋದ ದಿನವೇ ಹುಳಿಗೆ ಉಪ್ಪು ಹಾಕಿದ್ದೀಯಾ, ಬೆಕ್ಕು ಮರಿ ಹಾಕಿತು, ನಾಲ್ಕು ಮರಿ, ಒಂದು ನಿನ್ನ ಗಂಡನ ಹಾಗಿದೆ ಎಂದೆಲ್ಲ ಕಳಿಸುತ್ತಿದ್ದೆ.

ನಮ್ಮ ಸುತ್ತಿನ ತೋಟದವರದೊಂದು ಮಳೆ ಗ್ರೂಪ್ ಇದೆ. ಒಬ್ಬರು ರಿಟೈರಾದ ಮಾಸ್ಟ್ರು ಅದರ ಯಜಮಾನಿಕೆ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಎಂಟೂ ಹತ್ತಕ್ಕೆ ನಾನು ಅದರಲ್ಲಿ ಅಂಕಿ ಹಾಕುತ್ತಿದ್ದೆ. ಅಂಕಿ ಮಾತ್ರ. ನಮಸ್ಕಾರ, ಶುಭೋದಯ, ಗುಲಾಬಿ ಹೂವು ಏನೂ ಇಲ್ಲ. ಕೆಳಗಿನ ಮನೆಯವಳು ಒಂದು ಕೈ ಮುಗಿಯುವ ಚಿತ್ರ ಹಾಕುತ್ತಿದ್ದಳು. ಅಲ್ಲಿಗೆ ನಮ್ಮ ಬೆಳಗಿನ ಮಾತು ಮುಗಿದಂತೆ.

ಈಗ ಫೈಲಿನ ವಿಷಯ.

ಫೆಬ್ರವರಿ ಕಳೆದು ಮಾರ್ಚ್ ಹಿಡಿಯುವಾಗ ಇಲ್ಲಿ ಎಲ್ಲರ ಕತ್ತು ಮೇಲಕ್ಕೇ ಇರುತ್ತದೆ. ಕಾಫಿ ಗಿಡದಲ್ಲಿ ಮೊಗ್ಗು ಕೂತಿರುತ್ತದೆ, ಹೂಮಳೆ ಬೀಳಬೇಕು. ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಅರ್ಧ ಬಿದ್ದು ನಿಂತರೆ ಮೊಗ್ಗು ಏಳಲು ಹೊರಟು ಏಳಲಾರದೆ ಕಂದಿ ಹೋಗುತ್ತದೆ. ಆಗ ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಕಡಿಮೆ ಬಿದ್ದದ್ದನ್ನು ತುಂಬಿಸಬೇಕು. ಆದ್ದರಿಂದ ಅರವತ್ತಕ್ಕೂ ನೂರಕ್ಕೂ ನಡುವೆ ಒಂದು ವರ್ಷದ ಬೆಳೆ ಇರುತ್ತದೆ. ಆ ದಿನಗಳಲ್ಲಿ ಕೆಳಗಿನ ಮನೆಯವಳು ನನ್ನ ಅಂಕಿ ನೋಡದೆ ಪಂಪಿನ ಸ್ವಿಚ್ ಮುಟ್ಟುವುದಿಲ್ಲ.

ಅಂಥ ಒಂದು ಬೆಳಿಗ್ಗೆ, ಕುಟ್ಟದ ಕಡೆಯ ಒಬ್ಬ ಪರಿಚಯದ ಬೆಳೆಗಾರರ ನಂಬರಿನಿಂದ ನನಗೊಂದು ಫೈಲು ಬಂತು. ಪಿಡಿಎಫ್. ಹೆಸರು, 'ಹೂಮಳೆ, ಹೋಬಳಿವಾರು, ದಿನಾಂಕ ಸಮೇತ.' ಸಾಲ ಕೊಡುತ್ತೇವೆ, ಲಾಟರಿ ಬಂದಿದೆ ಎಂದು ಬಂದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಅಷ್ಟು ಬುದ್ಧಿ ಇದೆ. ಆದರೆ ಮಾರ್ಚಿನಲ್ಲಿ ಹೂಮಳೆಯ ದಿನ ಹೇಳುತ್ತೇನೆ ಎನ್ನುವ ಕಾಗದವನ್ನು ತೆರೆಯದೆ ಬಿಡುವ ಮನುಷ್ಯ ಕೊಡಗಿನಲ್ಲಿ ಹುಟ್ಟಿಲ್ಲ. ಅದನ್ನು ಕಳಿಸಿದವನಿಗೂ ಅದು ಗೊತ್ತಿತ್ತು.

ಒತ್ತಿದೆ. ಪುಟವೇನೋ ಬಂತು, ಬಚ್ಚಲಿನ ಹಬೆಯೊಳಗಿಂದ ಕಂಡಂತೆ ಮಸುಕು. ಗೆರೆ ಎಳೆದ ಪಟ್ಟಿ ಇದೆ, ಊರುಗಳ ಹೆಸರಿನಂತೆ ಏನೋ ಇದೆ, ಓದಲಾಗದು. ಮೇಲೆ ಕೆಂಪು ಪಟ್ಟಿಯಲ್ಲಿ ಬರೆದಿತ್ತು: ಈ ಫೈಲು ತೆರೆಯುವ ನಿಮ್ಮ ಆ್ಯಪ್ ಹಳೆಯದಾಗಿದೆ, ಅಪ್‌ಡೇಟ್ ಮಾಡಲು ಇಲ್ಲಿ ಒತ್ತಿ.

ಇಲ್ಲಿ ನನ್ನ ಒಂದು ತಪ್ಪು ಹೇಳಬೇಕು. ಫೈಲು ಓದುವ ಆ್ಯಪನ್ನು ಆಗಾಗ ಅಪ್‌ಡೇಟ್ ಮಾಡಬೇಕು, ಅದರಲ್ಲಿ ತೂತು ಇದ್ದರೆ ಮುಚ್ಚುವುದಕ್ಕೇ ಅವರು ಹೊಸತು ಕಳಿಸುವುದು ಎಂದು ಸೊಸೆ ಹತ್ತು ಸಲ ಹೇಳಿದ್ದಳು. ಫೋನು ತಾನಾಗಿಯೇ ಕೇಳಿದಾಗಲೆಲ್ಲ ನಾನು 'ಆಮೇಲೆ' ಎಂಬುದನ್ನು ಒತ್ತಿ ಒತ್ತಿ ಎರಡು ತಿಂಗಳು ತಳ್ಳಿದ್ದೆ. ಮಾತ್ರೆಯ ಹಾಗೆಯೇ. ಈಗ ಕೆಂಪು ಪಟ್ಟಿ ಕಂಡದ್ದೇ ನಾನು ಸಿಕ್ಕಿಬಿದ್ದೆ ಅನ್ನಿಸಿತು. ಸೊಸೆ ಸಂಜೆ ಬಂದು ನೋಡುವುದರೊಳಗೆ ಮಾಡಿಬಿಡೋಣ ಎಂದು ಒತ್ತಿದೆ.

ಫೋನು ಒಂದು ಸಲ ತಡೆಯಿತು. ಇದು ಗೊತ್ತಿಲ್ಲದ ಕಡೆಯಿಂದ ಬರುತ್ತಿದೆ, ಸೇರಿಸಲೇ ಎಂದು ಕೇಳಿತು. ಸೇರಿಸು ಎಂದೆ. ಮತ್ತೆ ಕೇಳಿತು, ಇದು ನಿಮ್ಮ ಮೆಸೇಜು ಓದಬಹುದೇ? ಓದಲಿ, ಬೆಕ್ಕಿನ ಮರಿಯ ವಿಷಯ ತಾನೇ. ನಿಮ್ಮ ಪರಿಚಯದವರ ನಂಬರು ನೋಡಬಹುದೇ? ನೋಡಲಿ. ಬಾಗಿಲಲ್ಲಿ ನಿಂತು ಬರಬಹುದಾ ಎಂದು ಕೇಳಿದವರಿಗೆ ಬೇಡ ಎಂದು ನಾನು ಈ ವಯಸ್ಸಿನವರೆಗೆ ಹೇಳಿದವಳಲ್ಲ. ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡಿತೀರಾ ಎಂದೇ ನನ್ನ ಬಾಯಿಗೆ ಬರುವುದು. ಬೆರಳಿಗೂ ಅದೇ ಅಭ್ಯಾಸ.

ಏನೂ ಆಗಲಿಲ್ಲ. ಪುಟ ಮಸುಕಾಗಿಯೇ ಉಳಿಯಿತು. ಸಿಗ್ನಲ್ ಇಲ್ಲ ಎಂದುಕೊಂಡು ಅಕ್ಕಿ ತೊಳೆಯಲು ಹೋದೆ.

ಮಧ್ಯಾಹ್ನ ಸೊಸೆ ಫೋನ್ ಮಾಡಿದಳು. ಸೊಸೆ ಸಿಟ್ಟು ಬಂದಾಗ ಧ್ವನಿ ಇಳಿಸುವವಳು. ಅವತ್ತು ಧ್ವನಿ ಪಾತಾಳದಲ್ಲಿತ್ತು.

"ಅತ್ತೆ, ನೀವು ನಂಗೊಂದು ಫೈಲ್ ಕಳ್ಸಿದ್ರಾ?"

ಇಲ್ಲ ಎಂದೆ.

"ನಂಗೆ ಬಂದುಂಟು. ಮಳೆ ಗ್ರೂಪಿಗೂ ಹೋಗಿದೆ. 'ದಯವಿಟ್ಟು ವೀಕ್ಷಿಸಿ' ಅಂತ ಬರ್ದಿದೆ. ನೀವು ಯಾವತ್ತು ದಯವಿಟ್ಟು ಅಂದಿದ್ದು? ಅದಕ್ಕೇ ನಾನು ಮುಟ್ಲಿಲ್ಲ. ಈಗ ಫೋನ್ ಆಫ್ ಮಾಡಿ. ಏನೂ ಒತ್ಬೇಡಿ, ಓದ್ಬೇಡಿ, ಆಫ್ ಮಾಡಿ ಅಕ್ಕಿ ಡಬ್ಬದಲ್ಲಿ ಇಡಿ."

ಅಕ್ಕಿ ಡಬ್ಬ ಯಾಕೆ ಎಂದು ಆಮೇಲೆ ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲವಂತೆ, ಕಣ್ಣೆದುರಿಗೆ ಇದ್ದರೆ ನಾನು ಮತ್ತೆ ಒತ್ತುತ್ತೇನೆ ಎಂದು ಹೇಳಿದ್ದಂತೆ.

ಸಂಜೆಯ ಬಸ್ಸಿಗೆ ಬಂದು ಅವಳು ಆ ಹೊಸ ಆ್ಯಪನ್ನು ಹುಡುಕಿ ತೆಗೆದಳು. ಅದು ಓದುವ ಆ್ಯಪೇ ಅಲ್ಲ, ಓದುವ ಆ್ಯಪಿನ ಬಟ್ಟೆ ಹಾಕಿಕೊಂಡ ಬೇರೆ ಏನೋ. ನನ್ನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ನನ್ನ ಹೆಸರಲ್ಲಿ ಅದೇ ಫೈಲನ್ನು ಅದು ಕಳಿಸಿತ್ತು. ಕುಟ್ಟದವರ ಫೋನಿನಿಂದ ನನಗೆ ಬಂದದ್ದೂ ಹಾಗೆಯೇ, ಪಾಪ, ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಅವಳು ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿದಳು. ಪಾಸ್‌ವರ್ಡುಗಳನ್ನೆಲ್ಲ ತನ್ನ ಫೋನಿನಿಂದ ಬದಲಾಯಿಸಿದಳು.

ಒಂದು ಕಾಗದ ತೆರೆದರೆ ಇಷ್ಟೆಲ್ಲ ಹೇಗೆ ಆಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಕಾಗದ ಅಂದರೆ ಓದುವ ವಸ್ತು, ಅದು ಕೆಲಸ ಮಾಡುವುದುಂಟೇ? ಸೊಸೆ ಹೇಳಿದಳು, ಫೋನಿನ ಕಾಗದ ಬರೀ ಅಕ್ಷರ ಅಲ್ಲ, ಅದರೊಳಗೆ ಹೀಗೆ ಮಾಡು ಹಾಗೆ ಮಾಡು ಎಂಬ ಅಪ್ಪಣೆಗಳನ್ನೂ ಅಡಗಿಸಿ ಇಡಬಹುದು. ಓದುವ ಆ್ಯಪ್ ಹಳೆಯದಿದ್ದರೆ ಕೆಲವು ಅಪ್ಪಣೆಗಳು ನಾವು ಏನೂ ಒತ್ತದೆಯೇ ನಡೆದು ಹೋಗುತ್ತವೆ. ಹೊಸದಿದ್ದರೆ ಅದು ನಮ್ಮನ್ನು ಕೇಳುತ್ತದೆ. ಕೇಳಿದಾಗ ನಾವೇ ಹೂಂ ಎಂದರೆ ಅದೇನು ಮಾಡೀತು? ಅವಳ ಆಫೀಸಿನಲ್ಲಿ ಹೊರಗಿನಿಂದ ಬಂದ ಫೈಲನ್ನು ಮೊದಲು ಬರೀ ನೋಡುವುದಕ್ಕಷ್ಟೇ ಆಗುವಂತೆ ಕೈಕಟ್ಟಿ ತೆರೆಯುತ್ತಾರಂತೆ. ಅಪ್‌ಡೇಟನ್ನು ಫೋನಿನ ಆ್ಯಪ್ ಅಂಗಡಿಯಿಂದಲೇ ತೆಗೆದುಕೊಳ್ಳಬೇಕು, ಫೈಲು ತಾನೇ ನನ್ನನ್ನು ಓದಲು ಹೊಸ ಆ್ಯಪ್ ಬೇಕು ಎಂದು ಹೇಳಿದರೆ ಅಲ್ಲಿಗೇ ಮುಚ್ಚಿಬಿಡಬೇಕು ಎಂದಳು.

ನನಗೆ ಅರ್ಥವಾದದ್ದು ಬೇರೆ ರೀತಿ. ಕಾಫಿಗೆ ಕಾಯಿಕೊರಕ ಹುಳು ಬೀಳುತ್ತದೆ. ಹಣ್ಣು ನೋಡಲು ಕೆಂಪಗೆ ದುಂಡಗೆ, ತುದಿಯಲ್ಲಿ ಸೂಜಿ ಮೊನೆಯಷ್ಟು ಒಂದು ತೂತು. ಕೊಯ್ಯುವವರ ಕಣ್ಣಿಗೆ ಬೀಳದೆ ಮೂಟೆಗೆ ಹೋಗುತ್ತದೆ, ಮೂಟೆಯಿಂದ ಪಕ್ಕದವರ ಕಣಕ್ಕೆ. ಅದಕ್ಕೇ ಬೇರೆ ತೋಟದ ಖಾಲಿ ಗೋಣಿಯನ್ನು ಕೂಡ ನಮ್ಮ ಕಣದೊಳಗೆ ಬಿಡಬಾರದು ಎಂದು ಮಾವ ಗದರುತ್ತಿದ್ದರು. ನಾನು ಬಾಗಿಲು ತೆರೆದು ಗೋಣಿಯನ್ನೇ ಒಳಗೆ ಹಾಸಿದ್ದೆ.

ಮಾಸ್ಟ್ರು ನನ್ನ ನಂಬರನ್ನು ಗ್ರೂಪಿನಿಂದ ತೆಗೆದರು. ಫೋನ್ ಮಾಡಿ ಬಹಳ ಮರ್ಯಾದೆಯಿಂದ ಹೇಳಿದರು, ಬೇಜಾರು ಮಾಡಬೇಡಿ, ಹದಿನೈದು ದಿನ ಹೋಗಲಿ, ಎಲ್ಲರ ಫೋನೂ ಸರಿಯಾಗಿದೆ ಎಂದು ಗೊತ್ತಾದ ಮೇಲೆ ಸೇರಿಸುತ್ತೇನೆ ಎಂದು. ಅವರದು ತಪ್ಪಲ್ಲ. ಹೆಚ್ಚಿನವರು ಫೈಲು ಮುಟ್ಟಿರಲಿಲ್ಲ. ಸೊಸೆ ಆಗಲೇ ತನ್ನ ನಂಬರಿನಿಂದ ಎಚ್ಚರಿಸಿದ್ದಳು.

ಆದರೆ ಕೆಳಗಿನ ಮನೆಯವಳು ಅಷ್ಟರಲ್ಲಿ ಮುಟ್ಟಿ ಆಗಿತ್ತು. ಯಾರು ಕಳಿಸಿದ್ದರೂ ಅವಳು ತೆರೆಯುತ್ತಿರಲಿಲ್ಲ. ಅಕ್ಕ ಕಳಿಸಿದ್ದು, ಅದೂ ಮಳೆಯ ವಿಷಯ, ಎಂದು ತೆರೆದಳು. ಕೇಳಿದ್ದಕ್ಕೆಲ್ಲ ಅವಳೂ ಹೂಂ ಎಂದಳು. ಪಾಲಿಬೆಟ್ಟದಿಂದ ಅವಳ ಅಣ್ಣನ ಮಗ ಬಂದು ಅವಳ ಫೋನನ್ನೂ ಪೂರ್ತಿ ಅಳಿಸಬೇಕಾಯಿತು.

ಅಳಿಸಿದ್ದರಲ್ಲಿ ಅವಳ ತಾಯಿಯ ಧ್ವನಿ ಇತ್ತು. ಆ ತಾಯಿ ತೀರಿಕೊಂಡು ವರ್ಷವಾಗಿತ್ತು. ಹೋಗುವ ಮೊದಲು ಒಂದು ದಿನ ಮಗಳು ಫೋನ್ ಎತ್ತಲಿಲ್ಲವೆಂದು ಬೈದು ಒಂದು ನಿಮಿಷದ ಮಾತು ಕಳಿಸಿದ್ದರು. ಎಲ್ಲಿ ಸತ್ತಿದ್ದೀಯೆ, ಫೋನ್ ಇರೋದು ಪೂಜೆಗಾ ಎಂದು ಶುರುವಾಗುತ್ತಿತ್ತು. ಅವಳು ಅದನ್ನು ನನಗೂ ಎಷ್ಟೋ ಸಲ ಕೇಳಿಸಿದ್ದಳು. ಇಬ್ಬರೂ ನಗುತ್ತಿದ್ದೆವು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ.

ಸೊಸೆಯನ್ನು ಕರೆದುಕೊಂಡು ನಾನೇ ಇಳಿದು ಹೋಗಿ ತಪ್ಪಾಯಿತು ಎಂದೆ. ಅವಳು ಜಗಳ ಮಾಡಲಿಲ್ಲ. ಕೂತ್ಕೊಳ್ಳಿ ಅಕ್ಕ ಎಂದಳು, ಕಾಫಿ ಕೊಟ್ಟಳು. ಲೋಟ ತೆಗೆದುಕೊಂಡು ಹೋಗುವಾಗ ಮಾತ್ರ ಬೆನ್ನು ಹಾಕಿಕೊಂಡೇ ಹೇಳಿದಳು.

"ನಿಮ್ಮ ಹೆಸ್ರು ನೋಡಿದ್ಮೇಲೆ ನಾನು ಯೋಚ್ನೆ ಮಾಡೋದುಂಟಾ ಅಕ್ಕ? ಇನ್ನು ಮಾಡ್ಬೇಕು, ಅಷ್ಟೇ."

ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಮುಗಿಸುತ್ತಿದ್ದೆ. ಕೋಲು ಹಿಡಿದು ಎದ್ದು ಹೊರಟೆ. ಹತ್ತುವಾಗ ಮಂಡಿ ಇಳಿಯುವಾಗಿನದಕ್ಕಿಂತ ಹೆಚ್ಚು ನೋಯಿತು. ಆಮೇಲೆ ಆಕೆ ಬೇಲಿಯ ಕಡೆ ಬರಲಿಲ್ಲ. ದಿನಾ ತಾನೇ ತಂದುಕೊಡುತ್ತಿದ್ದ ಹಾಲನ್ನು ಕೆಲಸದವಳ ಕೈಯಲ್ಲಿ ಕಳಿಸಿದಳು. ನಮ್ಮ ಮನೆಯಲ್ಲೇ ಹಾರೆ ಇದ್ದರೂ ನಾನು ಹಾರೆ ಕೇಳುವ ನೆಪದಲ್ಲಿ ಎರಡು ಸಲ ಕೂಗಿದೆ. ನಾಯಿ ಮಾತ್ರ ಉತ್ತರ ಕೊಟ್ಟಿತು.

ಗ್ರೂಪಿನಿಂದ ತೆಗೆದ ಹನ್ನೊಂದನೆಯ ದಿನ ಸಂಜೆ ನಾಲ್ಕಕ್ಕೆ ಗುಡುಗಿತು. ಕಣದಲ್ಲಿದ್ದ ಮೆಣಸನ್ನು ಒಳಗೆ ಎಳೆದುಕೊಳ್ಳುವುದರೊಳಗೆ ದಪ್ಪ ಹನಿ. ಮುಕ್ಕಾಲು ಗಂಟೆ ಹೊಯ್ದು, ಯಾರೋ ನಲ್ಲಿ ತಿರುಗಿಸಿದಂತೆ ನಿಂತಿತು. ಮಣ್ಣಿನ ವಾಸನೆಗೆ ನಾನು ಸುಮ್ಮನೆ ಮೆಟ್ಟಿಲಲ್ಲಿ ಕೂತಿದ್ದೆ.

ಬೆಳಿಗ್ಗೆ ಎಂಟಕ್ಕೆ ಅಳೆದೆ. ಅರವತ್ತೆರಡು ಸೆಂಟ್. ಕಣ್ಣಿನ ಮಟ್ಟಕ್ಕೆ ಹಿಡಿದು ಮತ್ತೊಮ್ಮೆ ನೋಡಿದೆ. ಅರವತ್ತೆರಡೇ.

ಕಾಲೇಜಿಗೆ ಹೊರಟಿದ್ದ ಸೊಸೆ ತನ್ನ ಫೋನಿನಲ್ಲಿ ಗ್ರೂಪ್ ತೆಗೆದು ತೋರಿಸಿದಳು. ಎದುರು ಗುಡ್ಡದ ಎಸ್ಟೇಟಿನವರು ಆಗಲೇ ಹಾಕಿದ್ದರು: ಒಂದು ಇಂಚು ಐದು ಸೆಂಟ್. ಅದರ ಕೆಳಗೆ ಎಲ್ಲರ ಚಪ್ಪಾಳೆ. ಕೆಳಗಿನ ಮನೆಯವಳದೂ ಒಂದು ಕೈ ಮುಗಿಯುವ ಚಿತ್ರ.

ಎದುರು ಗುಡ್ಡಕ್ಕೆ ಅಷ್ಟು ಬಿದ್ದಿರಲೂಬಹುದು. ಮಳೆ ಒಂದು ಗುಡ್ಡಕ್ಕೆ ಉಣಬಡಿಸಿ ಇನ್ನೊಂದಕ್ಕೆ ಎಲೆ ಮಾತ್ರ ಹಾಕಿ ಹೋಗುತ್ತದೆ. ಆದರೆ ಅವಳ ತೋಟ ಇರುವುದು ನನ್ನ ಗುಡ್ಡದಲ್ಲಿ. ಇಂಚು ಬಿತ್ತು ಎಂದುಕೊಂಡು ಅವಳು ಪಂಪ್ ಹಾಕದಿದ್ದರೆ ಎರಡೂವರೆ ಎಕರೆಯ ಮೊಗ್ಗು ಅರ್ಧಕ್ಕೆ ಕಂದುತ್ತದೆ.

ಸೊಸೆ ಹೇಳಿದಳು, ನನ್ನ ನಂಬರಿನಿಂದ ಹಾಕುತ್ತೇನೆ ಎಂದು. ಹಾಕು ಎಂದೆ. ಹಾಕಿದಳು. ಹತ್ತು ನಿಮಿಷ ಕಾದೆವು. ಕೆಳಗಿನ ಮನೆಯವಳು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಅವಳ ಕೆರೆಯ ಹತ್ತಿರದ ಪಂಪಿನ ಸದ್ದೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಸೊಸೆಗೆ ಬಸ್ಸಿನ ಹೊತ್ತಾಯಿತು.

"ಅತ್ತೆ, ಇಳಿಯೋಕೆ ಹೋಗ್ಬೇಡಿ, ನಿನ್ನೆಯ ಮಳೆಗೆ ಜಾರುತ್ತೆ," ಎಂದು ಹೇಳಿಯೇ ಅವಳು ಹೋದದ್ದು. ಹೋಗುವುದಿಲ್ಲ ಎಂದೆ. ಅದು ಮಳೆಯ ಬಗ್ಗೆ ಹೇಳಿದ ಮಾತಲ್ಲವಲ್ಲ.

ಅಳೆದ ಮೇಲೆ ನೀರನ್ನು ಚೆಲ್ಲುವುದು ಪದ್ಧತಿ. ಅವತ್ತು ಚೆಲ್ಲಿರಲಿಲ್ಲ. ಲೋಟವನ್ನು ಎಡಗೈಯಲ್ಲಿ ಹಿಡಿದು, ಬಾಯಿಯ ಮೇಲೆ ಬಲಗೈ ಅಂಗೈ ಒತ್ತಿ ಮುಚ್ಚಿ ಇಳಿಯತೊಡಗಿದೆ. ಕೋಲು ಹಿಡಿಯಲು ಮೂರನೆಯ ಕೈ ಇಲ್ಲ. ಕಾಫಿ ಗಿಡಗಳ ನಡುವೆ ಒಂದು ಗಿಡದಿಂದ ಇನ್ನೊಂದಕ್ಕೆ ಬೆನ್ನು ಆನಿಸಿಕೊಂಡು, ಒಂದು ಕಡೆ ಕೂತೇ ಜಾರಿಕೊಂಡು ಹೋದೆ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ಸೀರೆಯ ಹಿಂಭಾಗಕ್ಕೆ ಇಡೀ ಇಳಿಜಾರಿನ ಮಣ್ಣು. ಲೋಟ ಮಾತ್ರ ನೆಟ್ಟಗಿತ್ತು.

ಅವಳು ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

ಎದುರು ಗುಡ್ಡದ ಲೆಕ್ಕ ನಿನ್ನ ತೋಟಕ್ಕೆ ಹೊಂದದು, ನಮ್ಮ ಕಡೆ ಬಿದ್ದದ್ದು ಅರವತ್ತೆರಡು, ಪಂಪ್ ಹಾಕು ಎಂದೆ. ಅವಳು, ಮೆಸೇಜು ನೋಡಿದೆ, ನಿಮ್ಮ ಸೊಸೆಯ ನಂಬರಿನಿಂದ ಬಂದಿತ್ತು, ನಿಜವಾಗಿ ಅವಳೇ ಕಳಿಸಿದ್ದು ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಆ ಪ್ರಶ್ನೆ ಅವಳಿಗೆ ಕಲಿಸಿದವಳೇ ನಾನು.

ನಾನು ಲೋಟ ಮುಂದೆ ಹಿಡಿದು ಅಂಗೈ ತೆಗೆದೆ.

"ಇದನ್ನ ತೆರ್ದು ನೋಡು. ಇದ್ರೊಳಗೆ ನೀರು ಬಿಟ್ರೆ ಬೇರೆ ಎಂತದೂ ಇಲ್ಲ."

ಅವಳು ಕೈಯ ಹುಲ್ಲನ್ನು ಕೆಳಗೆ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಲೋಟ ತೆಗೆದುಕೊಂಡಳು. ಕಣ್ಣಿನ ಮಟ್ಟಕ್ಕೆ ಎತ್ತಿದಳು. ಬೆಳಕಿಗೆ ತಿರುಗಿಸಿದಳು. ತುಟಿ ಅಲ್ಲಾಡಿಸಿ ಒಂದೊಂದೇ ಗೆರೆ ಎಣಿಸಿದಳು. ಹಸು ಕೂಡ ಕತ್ತು ಚಾಚಿ ನೋಡಿತು.

"ಅರವತ್ತೊಂದು ಉಂಟು ಅಕ್ಕ," ಎಂದಳು. "ಒಂದು ಸೆಂಟ್ ಎಲ್ಲಿ? ದಾರೀಲಿ ಕುಡಿದ್ರಾ?"

ನನ್ನ ಅಂಗೈ ತೋರಿಸಿದೆ. ಒದ್ದೆಯಾಗಿತ್ತು. ಅವಳು ಅಂಗೈ ನೋಡಿದಳು, ಆಮೇಲೆ ನನ್ನ ಸೀರೆಯ ಹಿಂದೆ ಬಗ್ಗಿ ನೋಡಿ, ತೋಟದ ಅರ್ಧ ಮಣ್ಣು ಇಲ್ಲೇ ಬಂದಿದೆಯಲ್ಲ ಎಂದಳು. ಲೋಟವನ್ನು ಹಸುವಿಗೆ ಎಟುಕದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆರೆಯ ಕಡೆ ಇಳಿದು ಹೋದಳು.

ನಾನು ಅವಳ ಜಗುಲಿಯಲ್ಲಿ ಕೂತೆ. ಕಿಟಕಿಯ ಪಕ್ಕ ಅವಳ ಫೋನು ಚಾರ್ಜಿಗೆ ಹಾಕಿತ್ತು. ಅದರೊಳಗೆ ಇಲ್ಲದ ಆ ಒಂದು ನಿಮಿಷದ ಬೈಗುಳ ನನಗೆ ಬಾಯಿಪಾಠ ಇದೆ, ಎಲ್ಲಿ ಸತ್ತಿದ್ದೀಯೆ ಎನ್ನುವಲ್ಲಿಂದ ಕೊನೆಯವರೆಗೆ. ಅವಳು ಕೇಳಿದರೆ ಹೇಳಿ ತೋರಿಸುತ್ತೇನೆ ಎಂದುಕೊಂಡೆ. ಅವಳು ಇವತ್ತಿನವರೆಗೂ ಕೇಳಿಲ್ಲ, ನಾನೂ ಹೇಳಿಲ್ಲ. ಆದರೆ ಮರೆಯದ ಹಾಗೆ ಟೈಪ್ ಮಾಡಿ ಇಟ್ಟುಕೊಂಡಿದ್ದೇನೆ.

ಕೆಳಗೆ ಪಂಪು ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಸ್ವಲ್ಪ ಹೊತ್ತಿಗೆ ಕಾಫಿ ಗಿಡಗಳ ಮೇಲೆ ನೀರು ಸುತ್ತಲು ಶುರುವಾಯಿತು.